ಕೊಬ್ಬರಿಗೆ ರೇಟಿದೆ, ಅಟ್ಟದಲ್ಲಿ ಕಾಯಿಲ್ಲ: ಬರದ ವರ್ಷ ಹಾಕದ ಗೊಬ್ಬರದ ಲೆಕ್ಕ ಈಗ ಬರ್ತಿದೆ

ಅರಳಗುಪ್ಪೆ: 2025ರ ಆಗಸ್ಟ್‌ನಲ್ಲಿ ರಾಜ್ಯದ ಎಲ್ಲಿ ನೋಡಿದ್ರೂ ಯೂರಿಯಾದ್ದೇ ಸುದ್ದಿ. ಸೊಸೈಟಿ ಮುಂದೆ ಕ್ಯೂ, ಗೊಬ್ಬರದ ಅಂಗಡಿ ಮುಂದೆ ಕ್ಯೂ, ಕೇಂದ್ರ ಕೊಟ್ಟಿಲ್ಲ ಅಂತ ರಾಜ್ಯ, ಕೊಟ್ಟಿದ್ದೀವಿ ಅಂತ ಕೇಂದ್ರ. ಆದರೆ ಪೊಟ್ಯಾಷ್ ಸಿಗ್ತಿಲ್ಲ ಅಂತ ಯಾರೂ ರಸ್ತೆ ತಡೆ ಮಾಡಿದ ಸುದ್ದಿ ಬರಲಿಲ್ಲ. ಮೆಕ್ಕೆಜೋಳದ ಸೀಮೆಗೆ ಇದು ಸಹಜ ಇರಬಹುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯಂಥ ತೆಂಗಿನ ಸೀಮೆಗೆ ಇದು ಯೋಚನೆ ಮಾಡಬೇಕಾದ ವಿಚಾರ. ಯಾಕೆಂದರೆ ತೆಂಗಿನ ಮರ ಕೇಳೋದು ಯೂರಿಯಾಕ್ಕಿಂತ ಜಾಸ್ತಿ ಪೊಟ್ಯಾಷನ್ನೇ.

ಈಗ ಯಾವ ಹಳ್ಳಿಗೆ ಹೋದ್ರೂ ಒಂದೇ ಮಾತು: ರೇಟ್ ಬಂದಾಗ ಕಾಯಿಲ್ಲ, ಕಾಯಿದ್ದಾಗ ರೇಟಿಲ್ಲ. 2021ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕ್ವಿಂಟಲ್‌ಗೆ 15 ಸಾವಿರದ ಮೇಲಿದ್ದ ಉಂಡೆ ಕೊಬ್ಬರಿ 2023ರಲ್ಲಿ 8 ಸಾವಿರದ ಆಸುಪಾಸಿಗೆ ಬಿತ್ತು. ಆ ವರ್ಷ ಕೇಂದ್ರದ ಬೆಂಬಲ ಬೆಲೆ 11,750 ರೂಪಾಯಿ. ಅಂದರೆ ಸರ್ಕಾರ ಹೇಳಿದ ಬೆಲೆಗೂ ಹರಾಜಿನ ಬೆಲೆಗೂ ಮೂರು ಸಾವಿರಕ್ಕಿಂತ ಹೆಚ್ಚು ಅಂತರ. ಧರಣಿ ಆಯ್ತು, ಪಾದಯಾತ್ರೆ ಆಯ್ತು, ನಾಫೆಡ್ ಖರೀದಿ ಬಂತು, ರಾಜ್ಯ ಸರ್ಕಾರ ಮೇಲೆ ಪ್ರೋತ್ಸಾಹಧನ ಸೇರಿಸಿತು. 2025ರ ಮಧ್ಯಭಾಗಕ್ಕೆ ಬಂದರೆ ಕತೆ ಪೂರ್ತಿ ಉಲ್ಟಾ. ಬೆಂಬಲ ಬೆಲೆ 12,100 ಇದ್ದರೆ ಹರಾಜಿನ ಬೆಲೆ 20 ಸಾವಿರ ದಾಟಿ ಮೇಲೆ ಹೋಯ್ತು. ಅಷ್ಟೊತ್ತಿಗೆ ಎಷ್ಟೋ ಮನೆಗಳ ಅಟ್ಟ ಖಾಲಿ.

ಕಾಯಿ ಕಮ್ಮಿ ಆಗಿದ್ದಕ್ಕೆ ಕಾರಣ ಒಂದೇ ಅಲ್ಲ. 2023ರ ಬರ ಸಣ್ಣದಲ್ಲ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ಬಿಳಿನೊಣ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ, ಹಳೇ ನುಸಿಪೀಡೆ ಎಲ್ಲವೂ ಇವೆ. ಎಳನೀರಿಗೆ ಒಳ್ಳೆ ರೇಟ್ ಬಂದಿದ್ದರಿಂದ ಕೊಬ್ಬರಿ ಆಗಬೇಕಿದ್ದ ಕಾಯಿ ಎಳೆಯದರಲ್ಲೇ ಲಾರಿ ಹತ್ತಿದ್ದೂ ಉಂಟು. ಎಲ್ಲವನ್ನೂ ಗೊಬ್ಬರದ ತಲೆಗೆ ಕಟ್ಟೋದು ಸರಿಯಲ್ಲ. ಆದರೆ ಈ ಪಟ್ಟಿಯಲ್ಲಿ ಮಳೆ ರೈತನ ಕೈಯಲ್ಲಿಲ್ಲ, ಬಿಳಿನೊಣ ಅರ್ಧ ಮಾತ್ರ ಕೈಯಲ್ಲಿದೆ. ಗೊಬ್ಬರ ಪೂರ್ತಿ ಕೈಯಲ್ಲಿದೆ. ಅದನ್ನೇ ಯಾರೂ ಲೆಕ್ಕ ಹಾಕಿ ನೋಡ್ತಿಲ್ಲ.

ಪಕ್ಕದ ಹಾಸನದ ಆಲೂಗೆಡ್ಡೆ ಏನು ಹೇಳುತ್ತೆ?

ಗೊಬ್ಬರಕ್ಕೂ ಲಾಭಕ್ಕೂ ಇರುವ ಸಂಬಂಧ ಬೇಗ ಅರ್ಥ ಆಗಬೇಕಾದ್ರೆ ಅರಸೀಕೆರೆ ದಾಟಿ ಹಾಸನದ ಕಡೆ ನೋಡಬೇಕು. ಅಲ್ಲಿ ಮುಂಗಾರಿಗೆ ಆಲೂಗೆಡ್ಡೆ. ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತೆ, ಎಕರೆಗೆ ಆರರಿಂದ ಎಂಟು ಕ್ವಿಂಟಲ್ ಬೇಕು. ನೆಟ್ಟ 90-100 ದಿನಕ್ಕೆ ಬೆಳೆ ಕೈಗೆ. ನೆಡುವಾಗ ರಂಜಕ, ಪೊಟ್ಯಾಷ್ ಪೂರ್ತಿ, ಸಾರಜನಕ ಅರ್ಧ. ಉಳಿದ ಅರ್ಧ ತಿಂಗಳು ಕಳೆದು ಮಣ್ಣು ಏರಿಸುವಾಗ.

ಅಲ್ಲಿ ಯೂರಿಯಾ ಜಾಸ್ತಿ ಆಯ್ತು ಅಂದ್ರೆ ಮೂರೇ ತಿಂಗಳಲ್ಲಿ ಗೊತ್ತಾಗಿಬಿಡುತ್ತೆ. ಮೇಲೆ ಸೊಪ್ಪು ಸೊಂಪಾಗಿ ಬರುತ್ತೆ, ಹೊಲ ಕಣ್ಣಿಗೆ ಚೆಂದ. ಕೆಳಗೆ ಗೆಡ್ಡೆ ಕಟ್ಟೋದು ತಡ ಆಗುತ್ತೆ, ಗಾತ್ರ ಬರಲ್ಲ. ದಟ್ಟ ಸೊಪ್ಪಿನೊಳಗೆ ತೇವ ನಿಂತು ಅಂಗಮಾರಿಗೆ ದಾರಿ. ಪೊಟ್ಯಾಷ್ ಕಮ್ಮಿ ಆದ್ರೆ ಗೆಡ್ಡೆ ಸಣ್ಣದು, ಇಟ್ಟರೆ ಬಾಳಿಕೆ ಇಲ್ಲ. ಇನ್ನೊಂದು ಸಂಗತಿ ಅಂಗಡಿಯವರಿಗೂ ಗೊತ್ತು, ಬಾಯಿಬಿಟ್ಟು ಹೇಳೋದು ಕಮ್ಮಿ: ಮೊದಲ ಮೂಟೆ ಗೊಬ್ಬರ ಕೊಟ್ಟಷ್ಟು ಇಳುವರಿಯನ್ನ ಎರಡನೇ ಮೂಟೆ ಕೊಡಲ್ಲ, ಎರಡನೇದು ಕೊಟ್ಟಷ್ಟನ್ನ ಮೂರನೇದು ಕೊಡಲ್ಲ. ಇಳುವರಿ ಇನ್ನೂ ಸ್ವಲ್ಪ ಏರ್ತಾ ಇರುವಾಗಲೇ ಲಾಭ ಇಳಿಯೋಕೆ ಶುರುವಾಗಿರುತ್ತೆ. ಆದ್ದರಿಂದ ಹೊಲದಲ್ಲಿ ಅತಿ ಹೆಚ್ಚು ಮೂಟೆ ಬೆಳೆದವನೇ ಅತಿ ಹೆಚ್ಚು ದುಡ್ಡು ನೋಡಿದವನು ಅಂತ ಹೇಳೋಕೆ ಬರಲ್ಲ.

ಆಲೂಗೆಡ್ಡೆಯವನಿಗೆ ಒಂದು ಅನುಕೂಲ ಇದೆ. ಈ ವರ್ಷ ತಪ್ಪಿದ್ರೆ ಮುಂದಿನ ವರ್ಷ ತಿದ್ದಿಕೊಳ್ಳಬಹುದು. ತೆಂಗಿನವನಿಗೆ ಆ ಅನುಕೂಲ ಇಲ್ಲ.

ಹೊಂಬಾಳೆ ಹುಟ್ಟೋದು ಯಾವಾಗ?

ಅರಳಗುಪ್ಪೆಗೆ ಹೊರಗಿನವರು ಬರೋದು ಕಲ್ಲೇಶ್ವರನ ಗುಡಿಯಲ್ಲಿ ತಲೆ ಎತ್ತಿ ಮೇಲ್ಛಾವಣಿ ಕೆತ್ತನೆ ನೋಡೋಕೆ. ಊರಿನವರು ತಲೆ ಎತ್ತಿ ನೋಡೋದು ಮರದ ಸುಳಿ, ಗೊನೆ. ಆದರೆ ಕಣ್ಣಿಗೆ ಕಾಣೋ ಗೊನೆ ಹಳೇ ಲೆಕ್ಕ. ಹೊಸ ಲೆಕ್ಕ ಸುಳಿಯ ಒಳಗಿರುತ್ತೆ, ಕಾಣಲ್ಲ.

ಹೊಂಬಾಳೆಯ ಮೊಗ್ಗು ಸುಳಿಯೊಳಗೆ ಮೊದಲು ಮೂಡಿದ ಮೇಲೆ ಅದು ಹೊರಗೆ ಬಂದು ಒಡೆಯೋಕೆ ಸುಮಾರು 32 ತಿಂಗಳು ಹಿಡಿಯುತ್ತೆ. ಒಡೆದ ಹೊಂಬಾಳೆಯ ಹರಳು ಬಲಿತ ಕಾಯಿ ಆಗೋಕೆ ಇನ್ನೊಂದು ವರ್ಷ. ಒಟ್ಟು 44 ತಿಂಗಳು, ಹೆಚ್ಚುಕಮ್ಮಿ ಮೂರೂಮುಕ್ಕಾಲು ವರ್ಷ. ಬೇರೆ ಕಡೆ ಆದ್ರೆ ಕಾಯಿ ಕಿತ್ತು ಮಾರಿದ್ರೆ ಅಲ್ಲಿಗೆ ಮುಗೀತು. ನಮ್ಮ ಸೀಮೆಯದು ಉಂಡೆ ಕೊಬ್ಬರಿ. ಕಾಯಿ ಸಿಪ್ಪೆ ಸಮೇತ ಅಟ್ಟಕ್ಕೆ ಹೋಗಿ, ಒಳಗಿನ ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಅನ್ನೋವರೆಗೂ ಕಾಯಬೇಕು. ಅದಕ್ಕೆ ಮತ್ತೆ ಹತ್ತು ಹನ್ನೊಂದು ತಿಂಗಳು.

ಈ ಲೆಕ್ಕವನ್ನ ಹಿಂದಕ್ಕೆ ಎಣಿಸಿ ನೋಡಿ. 2025ರಲ್ಲಿ ಹರಾಜಿಗೆ ಬಂದ ಕೊಬ್ಬರಿ 2024ರಲ್ಲಿ ಕಿತ್ತ ಕಾಯಿ. ಆ ಕಾಯಿ ಹರಳು ಕಟ್ಟಿದ್ದು 2023ರಲ್ಲಿ, ಸರಿಯಾಗಿ ಬರದ ವರ್ಷ. ನೀರಿಲ್ಲದೆ, ಆಹಾರ ಸಾಲದೆ ಹರಳು ಉದುರಿದ್ದು ಆಗ. ಅದರ ಪೆಟ್ಟು 2025ರಲ್ಲಿ ಕಂಡಿತು. ಅದೇ 2023ರಲ್ಲಿ ಸುಳಿಯೊಳಗೆ ಮೂಡಬೇಕಿದ್ದ ಮೊಗ್ಗಿನ ಲೆಕ್ಕ ಇನ್ನೂ ಬಂದಿಲ್ಲ. ಅದು ಕೊಬ್ಬರಿ ಆಗಿ ಹರಾಜಿಗೆ ಬರೋದು 2027ರ ಸುಮಾರಿಗೆ. ಬರ ಮುಗೀತು, ಮರ ಯಾಕೆ ಇನ್ನೂ ಸುಧಾರಿಸ್ತಿಲ್ಲ ಅಂತ ಕೇಳೋರಿಗೆ ಇದೇ ಉತ್ತರ.

ರೇಟ್ ಬಿದ್ದ ವರ್ಷ ತೋಟದ ಖರ್ಚಿಗೆ ಕತ್ತರಿ ಬೀಳೋದು ಸಹಜ. ಉಳುಮೆ ಬಿಡೋಕಾಗಲ್ಲ, ಕಾಯಿ ಕೀಳೋರ ಕೂಲಿ ಬಿಡೋಕಾಗಲ್ಲ, ಮಕ್ಕಳ ಫೀಸ್ ಬಿಡೋಕಾಗಲ್ಲ. ಗೊಬ್ಬರ ಒಂದು ವರ್ಷ ಬಿಟ್ರೆ ಮರ ಸಾಯಲ್ಲ, ಗರಿ ಕೂಡ ಅಷ್ಟೊಂದು ಬದಲಾಗಲ್ಲ. ಹಾಗಾಗಿ ಮೊದಲು ಬಿಡೋದು ಗೊಬ್ಬರ, ಅದರಲ್ಲೂ ಮೊದಲು ಬಿಡೋದು ಪೊಟ್ಯಾಷ್, ಯಾಕೆಂದರೆ ಅದೇ ದುಬಾರಿ.

ಒಂದು ಮರದ ಲೆಕ್ಕ

ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಫಲ ಕೊಡೋ ಒಂದು ಮರಕ್ಕೆ ವರ್ಷಕ್ಕೆ ಹೇಳೋದು 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್. ಪೊಟ್ಯಾಷ್ ಸಾರಜನಕದ ಎರಡು ಪಟ್ಟಿಗಿಂತ ಜಾಸ್ತಿ ಇರೋದನ್ನ ಗಮನಿಸಿ. ಮೂಟೆ ಲೆಕ್ಕದಲ್ಲಿ ಹೇಳೋದಾದ್ರೆ ಮರಕ್ಕೆ ಯೂರಿಯಾ ಒಂದು ಕೆಜಿ ಚಿಲ್ಲರೆ, ಸೂಪರ್ ಫಾಸ್ಫೇಟ್ ಎರಡು ಕೆಜಿ, ಮ್ಯುರೇಟ್ ಆಫ್ ಪೊಟ್ಯಾಷ್ ಎರಡು ಕೆಜಿ. ಜೊತೆಗೆ 50 ಕೆಜಿ ಕೊಟ್ಟಿಗೆ ಗೊಬ್ಬರ.

ಯೂರಿಯಾ 45 ಕೆಜಿ ಮೂಟೆಗೆ 266 ರೂಪಾಯಿ 50 ಪೈಸೆ, ಕೆಜಿಗೆ ಆರು ರೂಪಾಯಿ ಕೂಡ ಬೀಳಲ್ಲ. ಪೊಟ್ಯಾಷ್ 50 ಕೆಜಿ ಮೂಟೆ 1,600 ಅಂತ ಇಟ್ಟುಕೊಳ್ಳೋಣ, ಕೆಜಿಗೆ 32. ಸೂಪರ್ ಮೂಟೆ 550 ಅಂತ ಇಟ್ಟುಕೊಂಡ್ರೆ ಕೆಜಿಗೆ 11. ಒಂದು ಮರಕ್ಕೆ ಯೂರಿಯಾ ಆರೂವರೆ ರೂಪಾಯಿ, ಸೂಪರ್ 22, ಪೊಟ್ಯಾಷ್ 64. ಒಟ್ಟು 92 ರೂಪಾಯಿ 50 ಪೈಸೆ. ನೂರರಲ್ಲಿ ಸುಮಾರು 70 ರೂಪಾಯಿ ಪೊಟ್ಯಾಷ್ ಒಂದಕ್ಕೇ ಹೋಯ್ತು. 30 ಅಡಿ ಅಂತರದಲ್ಲಿ ಎಕರೆಗೆ 48 ಮರ ಅಂದ್ರೆ ಖರ್ಚು ಸುಮಾರು 4,440 ರೂಪಾಯಿ. ಆಳು, ಕೊಟ್ಟಿಗೆ ಗೊಬ್ಬರ ಸೇರಿಸಿದ್ರೆ ಡಬಲ್ ಅಂತಲೇ ಹಿಡಿಯೋಣ, ಮರಕ್ಕೆ 185.

ಈಗ ಎದುರು ಪಕ್ಕದ ಲೆಕ್ಕ. ಒಂದು ಉಂಡೆ ಕೊಬ್ಬರಿ 120 ಗ್ರಾಂ ತೂಗುತ್ತೆ ಅಂತ ಹಿಡಿದ್ರೆ, ಕ್ವಿಂಟಲ್‌ಗೆ 8 ಸಾವಿರ ಇದ್ದಾಗ ಒಂದು ಕೊಬ್ಬರಿ 9 ರೂಪಾಯಿ 60 ಪೈಸೆ. 185 ರೂಪಾಯಿ ವಾಪಸ್ ಬರಬೇಕಾದ್ರೆ ಮರ 19-20 ಕಾಯಿ ಜಾಸ್ತಿ ಬಿಡಬೇಕು. 2025ರ ಬೆಂಬಲ ಬೆಲೆ 12,100ರಲ್ಲಿ ಒಂದು ಕೊಬ್ಬರಿ ಹದಿನಾಲ್ಕೂವರೆ ರೂಪಾಯಿ, 13 ಕಾಯಿ ಜಾಸ್ತಿ ಬಂದ್ರೆ ಸಾಕು. 20 ಸಾವಿರ ಇದ್ದಾಗ ಎಂಟೇ ಕಾಯಿ.

ಅಂದ್ರೆ 2023ರಲ್ಲಿ ಗೊಬ್ಬರ ಬಿಟ್ಟ ರೈತ ದಡ್ಡ ಅಲ್ಲ. ಆ ದಿನದ ರೇಟಿನಲ್ಲಿ ಅವನ ಲೆಕ್ಕ ಸರಿಯಾಗೇ ಇತ್ತು, ಹಾಕಿದ್ದು ಹುಟ್ಟೋದು ಅನುಮಾನವಾಗಿತ್ತು. ಲೆಕ್ಕ ತಪ್ಪಿದ್ದು ಒಂದೇ ಕಡೆ: ಆ ಗೊಬ್ಬರದ ಕಾಯಿ 8 ಸಾವಿರದ ರೇಟಿಗೆ ಮಾರಾಟ ಆಗೋ ಕಾಯಿ ಆಗಿರಲಿಲ್ಲ. ಅದು ಮಾರುಕಟ್ಟೆಗೆ ಬರೋ ಹೊತ್ತಿಗೆ ರೇಟೇ ಬೇರೆ. ಇಂದಿನ ರೇಟ್ ನೋಡಿ ಗೊಬ್ಬರ ಹಾಕೋದು, ಬಿಡೋದು ತೆಂಗಿಗೆ ಒಗ್ಗಲ್ಲ. ಹಾಗೇ ಇನ್ನೊಂದು ಪಕ್ಕವನ್ನೂ ನೋಡಬೇಕು. 20 ಸಾವಿರ ಇದ್ದಾಗ ಒಂದೇ ಸಲ ಮೂಟೆ ಮೂಟೆ ಸುರಿದ್ರೆ ಆ ಕಾಯಿಗೂ ಇದೇ ರೇಟ್ ಇರುತ್ತೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಯೂರಿಯಾ ಮೇಲೆ ಯಾಕೆ ಅಷ್ಟು ಪ್ರೀತಿ

ಒಂದು ಕಾರಣ ಬೆಲೆ. 2010ರ ಏಪ್ರಿಲ್‌ನಿಂದ ರಂಜಕ, ಪೊಟ್ಯಾಷ್ ಗೊಬ್ಬರಗಳು ಪೋಷಕಾಂಶ ಆಧಾರಿತ ಸಬ್ಸಿಡಿಗೆ ಬಂದವು. ಸಬ್ಸಿಡಿ ನಿಗದಿ, ಬೆಲೆ ಏರಿಳಿತ. ಯೂರಿಯಾ ಮಾತ್ರ ಹಳೇ ಪದ್ಧತಿಯಲ್ಲೇ ಉಳೀತು, ಬೆಲೆ ಸರ್ಕಾರದ ಕೈಯಲ್ಲಿ. ಪೊಟ್ಯಾಷ್ ನಮ್ಮ ದೇಶದಲ್ಲಿ ಸಿಗಲ್ಲ, ಕೆನಡಾ, ರಷ್ಯಾ, ಬೆಲಾರೂಸ್, ಇಸ್ರೇಲ್, ಜೋರ್ಡಾನ್ ಕಡೆಯಿಂದ ಹಡಗಲ್ಲಿ ಬರಬೇಕು. 2021ರಲ್ಲಿ ಬೆಲಾರೂಸ್ ಮೇಲೆ ನಿರ್ಬಂಧ, 2022ರಲ್ಲಿ ಉಕ್ರೇನ್ ಯುದ್ಧ. ಅದಕ್ಕೆ ಮುಂಚೆ ಸಾವಿರ ರೂಪಾಯಿ ಆಸುಪಾಸು ಇದ್ದ ಪೊಟ್ಯಾಷ್ ಮೂಟೆ 1,700ಕ್ಕೆ ಹೋಯ್ತು. ಉಕ್ರೇನ್ ಎಲ್ಲಿ, ಅರಳಗುಪ್ಪೆ ಎಲ್ಲಿ! ಆದರೂ ಅಲ್ಲಿ ಗುಂಡು ಹಾರಿದ್ದಕ್ಕೆ ಇಲ್ಲಿ ಮರಕ್ಕೆ ಪೊಟ್ಯಾಷ್ ತಪ್ಪಿತು.

ಇನ್ನೊಂದು ಕಾರಣ ಕಣ್ಣು. ಯೂರಿಯಾ ಹಾಕಿ ಒಂದು ಮಳೆ ಬಿದ್ರೆ ಗರಿ ಕಪ್ಪು ಹಸಿರಿಗೆ ತಿರುಗುತ್ತೆ. ದುಡ್ಡು ಕೊಟ್ಟಿದ್ದಕ್ಕೆ ಏನೋ ಆಯ್ತು ಅನ್ನೋ ಸಮಾಧಾನ. ಪೊಟ್ಯಾಷ್ ಹಾಕಿದ್ರೆ ಹಾಗೆ ಏನೂ ಕಾಣಲ್ಲ. ಅದು ಕೆಲಸ ಮಾಡೋದು ಕಾಯಿಯ ಸಂಖ್ಯೆ, ಗಾತ್ರ, ಕೊಬ್ಬರಿಯ ದಪ್ಪ, ಒಣಗಾಲದಲ್ಲಿ ಮರದ ತಡೆಯೋ ಶಕ್ತಿಯ ಮೇಲೆ. ಕೊರತೆ ಆದಾಗಲೂ ಕೂಗಿ ಹೇಳಲ್ಲ. ಹಳೇ ಗರಿಗಳು ತುದಿ, ಅಂಚಿನಿಂದ ಹಳದಿ ತಿರುಗಿ ಒಣಗುತ್ವೆ, ಕಾಯಿ ಸಣ್ಣದಾಗ್ತಾ ಹೋಗುತ್ತೆ. ಬಿಸಿಲು ಅಂತಲೋ ರೋಗ ಅಂತಲೋ ಅಂದುಕೊಂಡು ಬಿಡೋದೇ ಹೆಚ್ಚು.

ಮೂಟೆ ಮೇಲಿನ ನಂಬರ್ ನೋಡದೆ ತರೋದೂ ಒಂದು ಸಮಸ್ಯೆ. ಮೂರು ಅಂಕಿಯಲ್ಲಿ ಮೊದಲನೇದು ಸಾರಜನಕ, ಎರಡನೇದು ರಂಜಕ, ಮೂರನೇದು ಪೊಟ್ಯಾಷ್. 20:20:0:13 ಮೂಟೆಯಲ್ಲಿ ಮೂರನೇ ಅಂಕಿ ಸೊನ್ನೆ, ಕೊನೇ 13 ಗಂಧಕ. ಡಿಎಪಿ 18:46, ಅದರಲ್ಲೂ ಪೊಟ್ಯಾಷ್ ಇಲ್ಲ. ‘ಗೊಬ್ಬರ ಹಾಕಿದ್ದೀನಿ’ ಅನ್ನೋ ಎಷ್ಟೋ ತೋಟಗಳಿಗೆ ಪೊಟ್ಯಾಷ್ ಹೋಗೇ ಇರಲ್ಲ. 17:17:17 ಒಂದನ್ನೇ ನಂಬಿ 1,200 ಗ್ರಾಂ ಪೊಟ್ಯಾಷ್ ಕೊಡಬೇಕಾದ್ರೆ ಮರಕ್ಕೆ ಏಳು ಕೆಜಿ ಸುರಿಯಬೇಕು. ಅಷ್ಟು ಯಾರು ಹಾಕ್ತಾರೆ? ಅಂಗಡಿಯಲ್ಲಿ ‘ತೆಂಗಿಗೆ ಒಂದು ಮೂಟೆ ಕೊಡಿ’ ಅಂದವರಿಗೆ ಯಾವ ಮೂಟೆ ಅಂತ ಕೇಳೋ ಅಂಗಡಿಯವರು ಬೇಕು.

ಸಿಪ್ಪೆ ಲೋಡಿನಲ್ಲಿ ಹೋಗೋದು ಏನು?

ತೋಟದಿಂದ ಪೊಟ್ಯಾಷ್ ಎಲ್ಲಿಗೆ ಹೋಗುತ್ತೆ ಅಂತ ಹುಡುಕಿದ್ರೆ ಉತ್ತರ ಕೊಬ್ಬರಿ ಚೀಲದಲ್ಲಿ ಅಷ್ಟಾಗಿ ಸಿಗಲ್ಲ, ಸಿಪ್ಪೆ ಲೋಡಿನಲ್ಲಿ ಸಿಗುತ್ತೆ. ತೆಂಗಿನ ಕಾಯಿಯ ಸಿಪ್ಪೆಯಲ್ಲಿ ಪೊಟ್ಯಾಷ್ ಹೇರಳ. ಹಿಂದೆ ಸಿಪ್ಪೆ ಒಲೆಗೆ ಹೋಗಿ ಬೂದಿ ತಿಪ್ಪೆಗೆ, ತಿಪ್ಪೆಯಿಂದ ಮರದ ಪಾತಿಗೆ ವಾಪಸ್ ಬರ್ತಿತ್ತು. ಜೊತೆಗೆ ಬೇಸಿಗೆಯಲ್ಲಿ ಕೆರೆಗೋಡು, ಹೊಂಗೆ ಸೊಪ್ಪು, ತೋಟದಲ್ಲಿ ಕುರಿ ಮಂದೆ. ಈಗ ಅಡುಗೆ ಗ್ಯಾಸಲ್ಲಿ, ಸಿಪ್ಪೆ ನಾರಿನ ಫ್ಯಾಕ್ಟರಿಗೆ. ಸಿಪ್ಪೆ ಮಾರಿದ ದುಡ್ಡು ಕೈಗೆ ಬರೋದು ನಿಜ, ಬೇಡ ಅನ್ನೋಕಾಗಲ್ಲ. ಆದರೆ ನಮ್ಮದೇ ಪೊಟ್ಯಾಷ್ ಕಮ್ಮಿ ರೇಟಿಗೆ ಲೋಡ್ ಮಾಡಿ ಕಳಿಸಿ, ಕೆನಡಾ ಪೊಟ್ಯಾಷ್ ಮೂಟೆಗೆ ಒಂದೂವರೆ ಸಾವಿರದ ಮೇಲೆ ಕೊಟ್ಟು ತರ್ತಿದ್ದೀವಿ ಅನ್ನೋದು ಲೆಕ್ಕದಲ್ಲಿರಲಿ. ಎಲ್ಲಾ ಸಿಪ್ಪೆ ಅಲ್ಲದಿದ್ರೂ ಒಂದು ಪಾಲನ್ನ ಮರಗಳ ಸಾಲಿನ ನಡುವೆ ಗುಂಡಿ ತೆಗೆದು ಹೂಳಿದ್ರೆ ಅದು ವರ್ಷಗಟ್ಟಲೆ ನೀರು ಹಿಡಿದುಕೊಳ್ಳುತ್ತೆ, ಪೊಟ್ಯಾಷನ್ನೂ ವಾಪಸ್ ಕೊಡುತ್ತೆ.

ಗೊಬ್ಬರ ತಪ್ಪಿದ್ರೆ ಏನಾಗುತ್ತೆ ಅನ್ನೋದನ್ನ ಒಂದು ದೇಶವೇ ಮಾಡಿ ನೋಡಿದೆ. ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿತು, ಅದೇ ವರ್ಷ ನವೆಂಬರ್‌ನಲ್ಲಿ ನಿಷೇಧ ವಾಪಸ್ ತಗೊಂಡಿತು. ಭತ್ತಕ್ಕೆ, ಟೀಗೆ ಪೆಟ್ಟು ಬಿದ್ದಿದ್ದು ಆಗಲೇ ಗೊತ್ತಾಯ್ತು. ತೆಂಗಿನ ಪೆಟ್ಟು ತಡವಾಗಿ ಬಂತು. 2024ರ ಕೊನೆ ಹೊತ್ತಿಗೆ ಅಲ್ಲಿ ಕಾಯಿ ಅಭಾವ, ಬೆಲೆ ಗಗನಕ್ಕೆ. ಹವಾಮಾನದ ಜೊತೆಗೆ, ವರ್ಷಗಟ್ಟಲೆ ಮರಕ್ಕೆ ಗೊಬ್ಬರ ಸರಿಯಾಗಿ ಬೀಳದಿದ್ದದ್ದನ್ನೂ ಅಲ್ಲಿನವರು ಕಾರಣವಾಗಿ ಹೇಳಿದರು. ನಮ್ಮ ಕೊಬ್ಬರಿಗೆ 2025ರಲ್ಲಿ ಬಂದ ರೇಟಿನ ಹಿಂದೆ ಹೊರದೇಶಗಳ ಇಂಥ ಕೊರತೆಯ ಕೈಯೂ ಇತ್ತು.

ಅಂಗಡಿ ಬೀದಿಗೂ ಇದೇ ಲೆಕ್ಕ

ತಿಪಟೂರಿನ ಬಟ್ಟೆ ಅಂಗಡಿ, ಚಿನ್ನದ ಅಂಗಡಿ, ಕೆ.ಬಿ. ಕ್ರಾಸಿನ ಹಾರ್ಡ್‌ವೇರ್ ಅಂಗಡಿ ಎಲ್ಲದರ ವ್ಯಾಪಾರ ನಿಂತಿರೋದು ಕೊಬ್ಬರಿ ದುಡ್ಡಿನ ಮೇಲೆ. ರೇಟ್ 20 ಸಾವಿರ ಅಂತ ಕೇಳಿ ಈ ವರ್ಷ ಜೋರು ವ್ಯಾಪಾರ ಅಂತ ಮಾಲು ತುಂಬಿಸಿದವರು, ರೇಟನ್ನ ಕಾಯಿಯಿಂದ ಗುಣಿಸಿ ನೋಡಬೇಕಿತ್ತು. ಹಿಂದೆ 20 ಕ್ವಿಂಟಲ್ ಬೆಳೆಯುತ್ತಿದ್ದ ಮನೆ ಈಗ ಹತ್ತಕ್ಕೆ ಇಳಿದಿದ್ರೆ, 20 ಸಾವಿರದ ರೇಟ್ ಹಳೇ 10 ಸಾವಿರದ ರೇಟಿಗೇ ಸಮ. ಗೊಬ್ಬರದ ಅಂಗಡಿಯವರಿಗಂತೂ ಇದು ನೇರ ಸಂಬಂಧ. ಎಕರೆಗೆ ಸರಿಯಾದ ಪ್ರಮಾಣ ಅಂದ್ರೆ ಯೂರಿಯಾ ಒಂದು ಮೂಟೆ ಚಿಲ್ಲರೆ, ಸೂಪರ್ ಎರಡು, ಪೊಟ್ಯಾಷ್ ಎರಡು. ಪಟ್ಟಿ ಪುಸ್ತಕದಲ್ಲಿ ಯೂರಿಯಾ ಒಂದೇ ಇರೋ ಗಿರಾಕಿಯ ಸಾಲ ನಾಲ್ಕು ವರ್ಷ ಆದ್ಮೇಲೆ ವಸೂಲಿ ಆಗೋದು ಕಷ್ಟ.

ಈಗಿನ ಕೆಲಸ ಏನು ಅಂದ್ರೆ, ವರ್ಷದ ಪ್ರಮಾಣದಲ್ಲಿ ಮೂರನೇ ಒಂದು ಭಾಗ ಮೇ-ಜೂನ್‌ನಲ್ಲಿ, ಉಳಿದ ಎರಡು ಭಾಗ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹಾಕಬೇಕು, ಭೂಮಿ ಹಸಿ ಇದ್ದಾಗ. ಬುಡಕ್ಕೆ ಅಂಟಿಸಿ ಸುರಿಯೋದು ಬೇಡ, ಮರದಿಂದ ಸುತ್ತ ಆರು ಅಡಿವರೆಗಿನ ಪಾತಿಯಲ್ಲಿ ಹರಡಿ ಮಣ್ಣು ಮುಚ್ಚಬೇಕು. ಆಹಾರ ಎಳೆಯೋ ಬೇರು ಇರೋದು ಅಲ್ಲೇ. ಪೊಟ್ಯಾಷ್ ಜಾಸ್ತಿ ಬೀಳೋ ತೋಟದಲ್ಲಿ ಮೆಗ್ನೀಷಿಯಂ ಕೊರತೆ ಕಾಣಿಸಿಕೊಳ್ಳಬಹುದು, ಅದಕ್ಕೆ ಮರಕ್ಕೆ ಅರ್ಧ ಕೆಜಿ ಮೆಗ್ನೀಷಿಯಂ ಸಲ್ಫೇಟ್ ಹೇಳ್ತಾರೆ. ಇವೆಲ್ಲಾ ಸಾಮಾನ್ಯ ಪ್ರಮಾಣ. ಯಾವ ತೋಟಕ್ಕೆ ಎಷ್ಟು ಅನ್ನೋದು ಮಣ್ಣು ಪರೀಕ್ಷೆ ಮಾಡಿಸಿದ್ರೆ ಗೊತ್ತಾಗುತ್ತೆ. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಇದೇ ತಾಲ್ಲೂಕಿನಲ್ಲಿದೆ, ಅರಸೀಕೆರೆಯಲ್ಲಿ ತೆಂಗಿನ ಸಂಶೋಧನೆಯ ಕೇಂದ್ರವಿದೆ. ಪೂರ್ತಿ ಪ್ರಮಾಣಕ್ಕೆ ದುಡ್ಡಿಲ್ಲದವರು ಕೆಲವು ಮರಕ್ಕೆ ಪೂರ್ತಿ ಹಾಕಿ ಉಳಿದವನ್ನ ಬಿಡೋದಕ್ಕಿಂತ, ಎಲ್ಲಾ ಮರಕ್ಕೂ ಅರ್ಧ ಪ್ರಮಾಣ ಹಾಕೋದು ವಾಸಿ. ಮೊದಲ ಮೂಟೆ ಕೊಟ್ಟಷ್ಟನ್ನ ಎರಡನೇದು ಕೊಡಲ್ಲ ಅನ್ನೋ ಆಲೂಗೆಡ್ಡೆ ಲೆಕ್ಕ ಇಲ್ಲೂ ಅನ್ವಯ.

2025ರ ಅಕ್ಟೋಬರ್‌ನಲ್ಲಿ ಸುಳಿಯೊಳಗೆ ಮೂಡಿದ ಮೊಗ್ಗು ಹೊಂಬಾಳೆ ಆಗಿ ಒಡೆಯೋದು 2028ರ ಮಧ್ಯದಲ್ಲಿ, ಕಾಯಿ ಕೀಳೋದು 2029ರಲ್ಲಿ, ಅಟ್ಟದಿಂದ ಇಳಿಸಿ ತಿಪಟೂರಿನ ಹರಾಜಿಗೆ ಒಯ್ಯೋದು 2030ರಲ್ಲಿ.